ಯಾರೂ ಕೂರದ ಎಡಗಡೆ ಸೀಟು

ಸೀಟಣ್ಣನ ಅಂಗಡಿ ಮುಂದೆ ನಿಂತು ಹಳೇ ಕಾರುಗಳ ಮಾತೆತ್ತಬಾರದು. ಎತ್ತಿದಿರೋ, ನಿಮ್ಮ ಅರ್ಧ ದಿನ ಹೋಯಿತೆಂದೇ ತಿಳಿಯಿರಿ. ಊರವರ ಕಾರುಗಳಿಗೆಲ್ಲ ಸೀಟು ಹೊಲಿದು ಹೊಲಿದು ಅವನ ನಿಜವಾದ ಹೆಸರು ಯಾವತ್ತೋ ಸವೆದುಹೋಗಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಅಂಗಡಿ ಹಿಂದಿನ ಶೆಡ್ಡಿನಲ್ಲಿ ಅವನದೇ ಒಂದು ಕಾರಿತ್ತು. ಎರಡೇ ಸೀಟಿನ, ಮೇಲೆ ಮುಚ್ಚಳವಿಲ್ಲದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತಿದ್ದ ಹಸಿರು ಸ್ಪೋರ್ಟ್ಸ್ ಕಾರು. ಹರೆಯದಲ್ಲಿ ಗುಜರಿಯವನಿಂದ ಕೊಂಡು, ಒಂದೊಂದೇ ಭಾಗ ಹುಡುಕಿ ತಂದು ಅದಕ್ಕೆ ಜೀವ ಬರಿಸಿದ್ದ.

"ಏರುತ್ತೆ, ನೋಡ್ತಿರು. ಇಂಥ ಕಾರು ಇನ್ಯಾರೂ ಮಾಡಲ್ಲ. ಬೆಲೆ ಏರದೆ ಎಲ್ಲಿಗೆ ಹೋಗುತ್ತೆ?" ಮದುವೆಯಾದಾಗಿನಿಂದ ಅವನದು ಇದೇ ರಾಗ.

"ಏರ್ತಿರೋದು ನನ್ನ ಬಿಪಿ ಒಂದೇ," ಎಂದು ಹೆಂಡತಿ ಮೂಗು ಮುರಿಯುತ್ತಿದ್ದಳು.

ಕಾರು ಮಾರಿದರೆ ಅವಳಿಗೊಂದು ಮೆಟ್ಟಿಲಿಲ್ಲದ ಮನೆ ಎಂಬುದು ಅವನ ಯೋಚನೆ. ಅಂಗಡಿಯ ಮಹಡಿ ಮೇಲೇ ಅವರ ವಾಸ. ಮೆಟ್ಟಿಲುಗಳು ಕಡಿದಾಗಿದ್ದವು, ಅವಳ ಮಂಡಿಗಳೋ ದಿನೇ ದಿನೇ ಹಟ ಹಿಡಿಯುತ್ತಿದ್ದವು. ಆದರೆ ಅವಳ ಆಸೆಯೇ ಬೇರೆ. ಆ ಕಾರಿನಲ್ಲಿ ಕೂತು ಒಂದೇ ಒಂದು ಸಲ ಕೆರೆ ಪಕ್ಕದ ರಸ್ತೆಯಲ್ಲಿ ಹೋಗಿಬರಬೇಕು.

"ಅದೆಷ್ಟು ತಗ್ಗಿದೆ ನೋಡಿ. ಇನ್ನೊಂದು ವರ್ಷ ಬಿಟ್ರೆ ಅದರೊಳಗೆ ಇಳಿಯೋಕೆ ನನ್ನ ಮಂಡಿ ಬಗ್ಗಲ್ಲ ಕಣ್ರೀ."

ಸೀಟಣ್ಣ ಸುತರಾಂ ಒಪ್ಪುತ್ತಿರಲಿಲ್ಲ. ಬಲಗಡೆ ಸೀಟು ಕೊಳ್ಳುವಾಗಲೇ ಹರಿದಿತ್ತು, ಅದನ್ನು ಅವನೇ ಹೊಸದಾಗಿ ಹೊಲಿದಿದ್ದ. ಎಡಗಡೆಯದು ಮಾತ್ರ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಉಳಿದಿತ್ತು. ಹಳೇ ಚರ್ಮದೊಳಗಿನ ದಾರ ಎಷ್ಟು ಲಡ್ಡಾಗಿರುತ್ತದೆಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಯಾರಾದರೂ ಕೂತರೆ ಹೊಲಿಗೆ ಬಿಡುತ್ತದೆ. ಮೂಲ ಹೊಲಿಗೆ ಬಿಟ್ಟ ಸೀಟನ್ನು ಹಳೇ ಕಾರು ಕೂಡಿಡುವವರು ಮೂಸಿಯೂ ನೋಡುವುದಿಲ್ಲ. ಅದಕ್ಕೇ ಅದರ ಮೇಲೊಂದು ಬಿಳಿ ಬಟ್ಟೆ ಹೊದಿಸಿದ್ದ. ಎಂಜಿನ್ ಕೆಡದಿರಲೆಂದು ಭಾನುವಾರ ಅವನೊಬ್ಬನೇ ಒಂದು ಸುತ್ತು ಹೋಗಿಬರುತ್ತಿದ್ದ. ಅವಳು ಮಹಡಿಯ ಕಿಟಕಿಯಿಂದ ಕೈ ಬೀಸುತ್ತಿದ್ದಳು.

ಮಧ್ಯಾಹ್ನ ಹೊಲಿಗೆ ಮೆಷಿನ್ ಮುಂದೆ ತೂಕಡಿಸುವಾಗ ಅವನಿಗೆ ಯಾವಾಗಲೂ ಒಂದೇ ಕನಸು. ನೀರಿನ ಪಕ್ಕದ ದಾರಿ. ಬಿಸಿಲಿದೆ, ಆದರೆ ಸುಡುವುದಿಲ್ಲ. ಕಾರು ಸದ್ದೇ ಮಾಡದೆ ತೇಲಿಕೊಂಡು ಹೋಗುತ್ತಿದೆ. ಪಕ್ಕದಲ್ಲಿ ಕೂತ ಅವಳು ಏನೋ ಹೇಳಿ ನಗುತ್ತಾಳೆ, ಮದುವೆಯ ಹೊಸದರಲ್ಲಿ ನಗುತ್ತಿದ್ದ ಹಾಗೆ. 'ಏನಂದೆ?' ಎಂದು ತಿರುಗಿದರೆ, ಬಿಳಿ ಬಟ್ಟೆ. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಅವನ ಕೈಗಳು ಸ್ಟೀರಿಂಗ್ ಹಿಡಿದಂತೆಯೇ ಇರುತ್ತಿದ್ದವು.

ಒಂದು ಬೆಳಿಗ್ಗೆ ಹಳೇ ಕಾರು ಕೂಡಿಡುವ ಹಿರಿಯರೊಬ್ಬರು ಕೇಳಿಕೊಂಡು ಬಂದರು. ಬಿಳಿ ಮೀಸೆ, ಮೆತ್ತನೆ ಮಾತು. ಕಾರಿನ ಸುತ್ತ ನಿಧಾನವಾಗಿ ಓಡಾಡಿ, ಒಳ್ಳೆಯ ಬೆಲೆಯನ್ನೇ ಹೇಳಿದರು.

"ಇನ್ನೂ ಇಟ್ಕೊಂಡ್ರೆ ಏರುತ್ತಾ ಸಾರ್?" ಸೀಟಣ್ಣ ಕೇಳಿಯೇ ಬಿಟ್ಟ.

"ಯಾರಿಗೆ ಗೊತ್ತು? ಚಿಕ್ಕವರಿದ್ದಾಗ ಇದರ ಚಿತ್ರ ಗೋಡೆಗೆ ಅಂಟಿಸ್ಕೊಂಡಿದ್ದ ನನ್ನಂಥವರು ಇರೋವರೆಗೂ ಏರಬಹುದು. ನಾವು ಹೋದ್ಮೇಲೆ ಇದು ಬರೀ ತಗಡು. ಆಸೆಪಡೋರು ಇದ್ರೆ ತಾನೇ ಬೆಲೆ?"

ಹಾಗೆನ್ನುತ್ತಲೇ ಅವರು ಬಿಳಿ ಬಟ್ಟೆ ಎತ್ತಿದರು. ಮುಖ ಅರಳಿತು.

"ಅಬ್ಬಬ್ಬಾ! ಇದರಲ್ಲಿ ಯಾರೂ ಕೂತೇ ಇಲ್ವಲ್ರೀ! ಇಷ್ಟು ವರ್ಷ ನಿಮ್ಮ ಪಕ್ಕ ಒಬ್ರೂ ಕೂರದ ಹಾಗೆ ಅದ್ಹೇಗೆ ನೋಡ್ಕೊಂಡ್ರಿ? ಈ ಸೀಟಿಗೋಸ್ಕರ ಎರಡರಷ್ಟು ಕೊಡ್ತೀನಿ. ನಾಳೆ ಬಂದು ತಗೊಂಡು ಹೋಗ್ಲಾ?"

ಮೆಚ್ಚಿ ಆಡಿದ ಮಾತು. ಸೀಟಣ್ಣ ಮಾತ್ರ ಥಟ್ಟನೆ ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿ ಹೆಂಡತಿ ಕಾಫಿ ಹಿಡಿದು, ಇನ್ನೊಂದು ಕೈಯಿಂದ ಚೌಕಟ್ಟಿಗೆ ಆತುಕೊಂಡು ನಿಂತಿದ್ದಳು.

"ಅವರು ಮೊದಲಿಂದ್ಲೂ ಹಾಗೇ ಸಾರ್, ಜೋಪಾನ ಜಾಸ್ತಿ," ಅಂದಳು.

ಚುಚ್ಚಿ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಹೆಮ್ಮೆಯಿಂದಲೇ ಅಂದಿದ್ದಳು. ಸೀಟಣ್ಣನಿಗೆ ತನ್ನ ಮೇಲೇ ಅಸಹ್ಯವಾಯಿತು. ನಾಳೆ ಬನ್ನಿ ಎಂದು ಹೇಗೋ ಹೇಳಿ ಅವರನ್ನು ಕಳಿಸಿಕೊಟ್ಟ.

ಅವರು ತಿರುವು ದಾಟಿದ್ದೇ ತಡ, ಬಿಳಿ ಬಟ್ಟೆಯನ್ನು ಕಿತ್ತು ಮೂಲೆಗೆಸೆದು ಎಡಗಡೆ ಬಾಗಿಲು ತೆಗೆದ.

"ಬಾರೇ, ಕೂತ್ಕೋ."

"ತಲೆಗಿಲೆ ಕೆಟ್ಟಿದ್ಯಾ ನಿಮಗೆ? ಎರಡರಷ್ಟು ಅಂದ್ರಲ್ರೀ ಅವರು!"

"ಒಂದರಷ್ಟೇ ಸಾಕು. ಮನೆ ಚಿಕ್ಕದಾದ್ರೆ ಆಗ್ಲಿ. ಬಾ."

ಅವಳು ಅವನ ಹೆಗಲು ಹಿಡಿದು, ಒಂದು ಕಾಲಿಟ್ಟು, 'ಅಮ್ಮಾ' ಅಂದು, ಕೊನೆಗೆ ಧೊಪ್ಪನೆ ಕೂತಳು. ಕಾಲನ್ನು ಅವನೇ ಎತ್ತಿ ಒಳಗಿಟ್ಟ. ಕಾರು ಪೇಟೆ ದಾಟಿ ಕೆರೆ ಪಕ್ಕದ ರಸ್ತೆಗಿಳಿಯಿತು. ನೀರು ಮಿನುಗುತ್ತಿತ್ತು. ಅವಳ ನರೆಗೂದಲು ಬಿಚ್ಚಿಕೊಂಡು ಮುಖದ ಮೇಲೆಲ್ಲ ಹಾರಾಡುತ್ತಿತ್ತು, ಅವಳು ಅದನ್ನು ಸರಿಸಲೂ ಇಲ್ಲ. ಅವನ ಕಡೆ ವಾಲಿ ಏನೋ ಹೇಳಿ ನಕ್ಕಳು. ಅಷ್ಟರಲ್ಲಿ ಅವಳ ಕೆಳಗೆ ಚರ್ರೆಂದು ಸದ್ದಾಯಿತು.

"ಅಯ್ಯೋ ರೀ, ಹರೀತು!"

"ಹರೀಲಿ ಬಿಡು. ಏನೋ ಹೇಳ್ತಿದ್ದೆಯಲ್ಲ, ಏನಂದೆ?"

ಕೇಳಿ, ಒಂದು ಗಳಿಗೆ ಹೆದರಿ, ಸೀಟಣ್ಣ ತಿರುಗಿ ನೋಡಿದ. ಅವಳು ಇದ್ದಳು.