ಬಿಂದಿಗೆ ಹಿಡಿದ ಹೆಂಗಸು

ಹಳೇ ಸಿನಿಮಾ ಪೋಸ್ಟರು ಕೂಡಿಡುವುದು ನನ್ನ ಹುಚ್ಚು. ಗೋಡೆಗೆ ನೀರು ಚಿಮುಕಿಸಿ, ಮೈದಾ ಅಂಟು ನೆನೆದ ಮೇಲೆ ಒಂದರ ಕೆಳಗಿನ ಇನ್ನೊಂದನ್ನು ಬಿಡಿಸುತ್ತ ಕೂತರೆ ಊರವರು ನಿಂತು ನಗುತ್ತಿದ್ದರು. ನಗಲಿ, ನನಗೇನು. ಬಿಡದಿ, ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಎದ್ದು, ರಾಮನಗರ ಚನ್ನಪಟ್ಟಣದ ಟಾಕೀಸುಗಳು ಒಂದೊಂದಾಗಿ ಗೋಡೌನ್ ಆಗುತ್ತಿದ್ದ ಕಾಲ ಅದು. ಯಾವ ಟಾಕೀಸು ಬಾಗಿಲು ಹಾಕಿತೆಂದು ಸುದ್ದಿ ಬಂದರೂ ನಾನು ಅಲ್ಲಿ ಹಾಜರ್.

ನನ್ನ ಹುಚ್ಚಿನ ಸುದ್ದಿ ಯಾರಿಂದಲೋ ಕೇಳಿ ಮಾಗಡಿಯಿಂದ ಒಬ್ಬ ಹೆಣ್ಣುಮಗಳು ಮನೆಗೆ ಬಂದಳು. ಗಾರ್ಮೆಂಟ್ಸ್ ಕೆಲಸದವಳು. ಅವಳ ಅಪ್ಪ ಕನಕಪುರದ ಟಾಕೀಸೊಂದಕ್ಕೆ ಬ್ಯಾನರ್ ಬರೆಯುತ್ತಿದ್ದವನಂತೆ. ಇವಳನ್ನು ಹೆತ್ತು ಬಾಣಂತನದಲ್ಲೇ ತಾಯಿ ತೀರಿಕೊಂಡಿದ್ದಳು. ಮಗುವನ್ನು ಅಜ್ಜಿ ಮಾಗಡಿಗೆ ಕರೆದೊಯ್ದು ಸಾಕಿದ್ದಳು. ತಾಯಿಯದೊಂದು ಫೋಟೋ ಕೂಡ ಯಾರ ಹತ್ತಿರವೂ ಇರಲಿಲ್ಲ.

"ನಮ್ಮಪ್ಪ ಸಾಯೋಕ್ ಮುಂಚೆ ಹೇಳ್ತು ಕಣಣ್ಣ. ಎಲ್ಲಾ ಬ್ಯಾನರಲ್ಲೂ ಈರೋ ಹಿಂದೆ ಬಿಂದಿಗೆ ಹಿಡ್ಕಂಡ್ ಒಬ್ಳು ನಿಂತಿರ್ತಾಳೆ, ಅವ್ಳೇ ನಿಮ್ಮವ್ವ ಅಂತು. ಒಂದ್ಸಲ ನೋಡ್ಬೇಕು, ಅಷ್ಟೆಯ."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಸತ್ತ ಆ ಮನುಷ್ಯನ ಮೇಲೆ. ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದನಲ್ಲ ಪುಣ್ಯಾತ್ಮ. ಚಿತ್ರ ಬದಲಾದಾಗ ಅದೇ ಬಟ್ಟೆಗೆ ಸುಣ್ಣ ಬಳಿದು ಹೊಸದು ಬರೆಯುವುದು ಅವರ ಪದ್ಧತಿ. ಅಂದರೆ ಹೆಂಡತಿಯ ಮುಖ ಬರೆದು, ಅದರ ಮೇಲೆ ತಾನೇ ಸುಣ್ಣ ಬಳಿದು, ಮತ್ತೆ ಬರೆದಿದ್ದ. ಫ್ಲೆಕ್ಸ್ ಬಂದು ಅವನ ಕೆಲಸ ಹೋಯಿತು. ಉಳಿದಿದ್ದರೆ ಕಡೆಯದಾಗಿ ಬರೆದ ಒಂದೇ ಒಂದು ಬ್ಯಾನರ್ ಉಳಿದಿರಬೇಕು.

ಕನಕಪುರಕ್ಕೆ ಹೋದೆ. ಟಾಕೀಸಿನೊಳಗೆ ಗ್ರಾನೈಟ್ ಕಲ್ಲು ಪೇರಿಸಿದ್ದರು. ಟಾಕೀಸು ನಡೆಯುತ್ತಿದ್ದಾಗ ಗೇಟ್ ಕಾಯುತ್ತಿದ್ದವನನ್ನು ಹಿಡಿದು ಕೇಳಿದರೆ, ಬ್ಯಾನರ್ ಬಟ್ಟೆಯನ್ನು ಮೊನ್ನೆ ತಾನೇ ದೊಡ್ಡಆಲಹಳ್ಳಿ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಹುಳುಮನೆಗೆ ಪರದೆ ಕಟ್ಟಲು ಒಯ್ದರು ಅಂದ.

ಅಲ್ಲಿಗೂ ಹೋದೆ. ಹುಳುಮನೆ ಬಾಗಿಲಲ್ಲೇ ಮನೆಯಾಕೆ ತಡೆದಳು. "ಒಳೀಕ್ ಬರ್ಬ್ಯಾಡಿ ಸಾಮಿ, ಹುಳ ಹಣ್ಣಾಗವೆ." ಗೂಡು ಕಟ್ಟುವ ಹೊತ್ತಿನಲ್ಲಿ ಹೊರಗಿನವರನ್ನು ಯಾರೂ ಬಿಡುವುದಿಲ್ಲ, ಅದು ನನಗೂ ಗೊತ್ತು. ಬಾಗಿಲಾಚೆಯಿಂದಲೇ ಕತ್ತು ಚಾಚಿದೆ. ಹುಳ ಸಾಕುವ ತಟ್ಟೆಗಳ ಸಾಲಿನಾಚೆ, ಮಬ್ಬಿನಲ್ಲಿ, ಹೀರೋನ ದೊಡ್ಡ ತಲೆ. ಅದರ ಹಿಂದೆ ಬಿಂದಿಗೆ ಹಿಡಿದ ಹೆಂಗಸು. ಕ್ಯಾಮೆರಾ ಇರುವ ಫೋನು ಆಗ ನಮ್ಮಂಥವರ ಕೈಗೆ ಬಂದಿರಲಿಲ್ಲ.

"ಆ ಬಟ್ಟೆ ಬೇರೆ ಯಾರಿಗೂ ಕೊಡಬೇಡಿ ಕಣಮ್ಮ. ತಾಯಿಯಿಲ್ಲದ ಹೆಣ್ಣುಮಗಳು ಒಬ್ಬಳಿದ್ದಾಳೆ. ಅವಳ ತಾಯಿ ನೆನಪು ಅಂತ ಉಳಿದಿರೋದು ಅದೊಂದೇ" ಅಂದೆ. ಆಕೆ ಲೊಚಗುಟ್ಟಿದಳು. "ಅಯ್ಯೋ ಪಾಪ. ಗೂಡ್ ಬಿಡ್ಸಿದ್ ಮ್ಯಾಲೆ ಕರ್ಕಂಬನ್ನಿ, ಎತ್ತಿಕ್ಕಿರ್ತೀನಿ" ಅಂದು ಸೊಪ್ಪಿನ ಕುಕ್ಕೆ ಎತ್ತಿಕೊಂಡು ಒಳಗೆ ಹೋದಳು.

ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಆ ಹೆಣ್ಣುಮಗಳನ್ನು ಕರೆದುಕೊಂಡು ಹೋದೆ. ಕೆಲಸಕ್ಕೆ ರಜಾ ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

ಮನೆಯಾಕೆ ಜಗಲಿಗೆ ಚಾಪೆ ಹಾಸಿ, ಹಣೆಗೆ ಕುಂಕುಮ ಇಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ ಬಾಳೆಹಣ್ಣಿನ ಜೊತೆ ಮಡಿಚಿದ ಬಟ್ಟೆ ತಂದು ಅವಳ ಮಡಿಲಿಗೆ ಹಾಕಿದಳು. ಬಟ್ಟೆಯ ಮೂಲೆಗಳಿಗೆ ಅರಿಶಿನ ಹಚ್ಚಿದ್ದಳು.

"ತಾಯಿ ಕಡೆ ಬಟ್ಟೆ ಅಂದ್ರು. ಹೆಣ್ಮಗ್ಳಿಗೆ ಹುಳದ್ ಹಿಕ್ಕೆ ಮೆತ್ಕಂಡಿರಾದ್ ಕೊಡಕಾದದಾ ಕಣವ್ವ. ಬ್ಲೀಚಿಂಗ್ ನೀರಲ್ ನೆನಾಕಿ, ಬಂಡೆ ಮ್ಯಾಲೆ ಚೆನ್ನಾಗ್ ಒಗ್ದಿವ್ನಿ. ಆ ಸಿನಿಮಾ ಬಣ್ಣ ಬುಡಕ್ಕೇ ವಸಿ ಸತಾಯಿಸ್ತು."

ಹೆಣ್ಣುಮಗಳು ಬಟ್ಟೆ ಬಿಡಿಸಿದಳು. ಅಂಟು ಕಲಸಿದ ಪುಡಿ ಬಣ್ಣ, ನೀರಿಗೆ ಎಷ್ಟು ಹೊತ್ತು ನಿಂತೀತು. ಬೆಳ್ಳನೆಯ ಬಟ್ಟೆ. ಮನೆಯಾಕೆಯನ್ನು ಬೈಯುವ ಮಾತು ನಾಲಿಗೆ ತುದಿಗೆ ಬಂದಿತ್ತು, ಆದರೆ ಏನಂತ ಬೈಯುವುದು. ತನ್ನ ಮಗಳಿಗೆ ಮಾಡುವಂತೆ ಮಾಡಿದ್ದಳು.

"ಇದ್ರಲ್ ಒಬ್ಳು ಬಿಂದಿಗೆ ಹಿಡ್ಕಂಡಿದ್ಲಲ್ಲಕ್ಕ, ಹೆಂಗಿತ್ತು ಮೊಕ?" ಹೆಣ್ಣುಮಗಳು ಮೆಲ್ಲಗೆ ಕೇಳಿದಳು.

"ಈರೋನ್ ಮೊಕ ನೆಪ್ಪೈತೆ ಕಣವ್ವ. ಹಿಂದ್ಗಡೆ ನಿಂತಿರೋರ್ನ ಯಾರ್ ನೋಡಾರು?"

ಅವಳು ನನ್ನ ಕಡೆ ತಿರುಗಿದಳು. "ನೀವ್ ಕಂಡಿದ್ರಲ್ಲಣ್ಣ. ಹೆಂಗಿದ್ಲು ನಮ್ಮವ್ವ?"

ನಿನ್ನ ಹಾಗೇ ಇದ್ದಳು ಅಂತ ಒಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು. ನಾಲಿಗೆ ಏಳಲಿಲ್ಲ. "ಕತ್ತಲಿತ್ತು ಕಣಮ್ಮ. ಮೂಗುಬೊಟ್ಟು ಕಾಣ್ತು, ಕೆಂಪು ಹರಳಿಂದು. ಮುಖ ಕಾಣಲಿಲ್ಲ."

ಅವಳು ಬಟ್ಟೆ ಮಡಿಚುತ್ತಿದ್ದವಳು ಕೈ ನಿಲ್ಲಿಸಿ ಮೂಗು ಮುಟ್ಟಿಕೊಂಡಳು.

"ಅದು ಅಜ್ಜಿ ಇಕ್ಸಿದ್ದು, ನನ್ ಮೂಗಲ್ಲೇ ಐತಲ್ಲಣ್ಣ" ಅಂದಳು.