ನೈರೋಬಿಯ ಬಸ್ಸು ಹತ್ತಿದ ಪಂಪಾವತಿ

ಕುರುಗೋಡು, ಸಿರಿಗೇರಿ ಸುತ್ತಿಕೊಂಡು ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಪಂಪಾವತಿ ಕಂಡಕ್ಟರ್ ಆಗಿದ್ದಷ್ಟು ಕಾಲ ಬಾಗಿಲಿಗೆ ಜೋತುಬಿದ್ದು ಹೋದ ಗಂಡಸಿಲ್ಲ. ಹೆಂಗಸರಿಗೆ ಟಿಕೆಟ್ ಫ್ರೀ ಆಗಿ ಕಾಲಿಡಲು ಜಾಗವಿಲ್ಲದಂತೆ ಜನ ತುಂಬಿಕೊಂಡಾಗಲೂ ಬಸುರಿಯರಿಗೆ, ಮುದುಕಿಯರಿಗೆ ಹೇಗೋ ಸೀಟು ಮಾಡಿಕೊಡುತ್ತಿದ್ದಳು. ನಿವೃತ್ತಿಯಾದ ವರ್ಷ ಜೊತೆಯವರೆಲ್ಲ ಕಾಶಿಯ ಮಾತಾಡುತ್ತಿದ್ದರು. ಅವಳಿಗೆ ಮಾತ್ರ ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರದ ಟೂರ್ ಆಫೀಸೊಂದರ ಗಾಜಿಗೆ ಅಂಟಿಸಿದ್ದ ಚಿತ್ರ ಕಣ್ಣಿಗೆ ಬಿತ್ತು. ಒಣಹುಲ್ಲಿನಲ್ಲಿ ಸಿಂಹ ಮಲಗಿತ್ತು. ಅದರ ಬೆನ್ನ ಹಿಂದೆ ಮುಗಿಲೆತ್ತರದ ಕಟ್ಟಡಗಳು. ಒಳಗೆ ಹೋಗಿ ಕೇಳಿದರೆ, ಅದು ಕೀನ್ಯಾದ ರಾಜಧಾನಿ ನೈರೋಬಿ ಎಂದರು. ಊರೊಳಗೆ ಸಿಂಹ ಇಟ್ಟುಕೊಂಡು ಬಾಳುವ ಜನ ಹೇಗಿರಬಹುದು ಎಂಬ ಯೋಚನೆ ಹೊಕ್ಕಿದ್ದೇ ತಡ, ಅವಳಿಗೆ ಬೇರೆ ಯಾವ ಊರೂ ರುಚಿಸಲಿಲ್ಲ.

ಗಂಡ ಗಾದಿಲಿಂಗ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತನಾದವನು. ಮಾತು ಕಡಿಮೆ. ಬೆಳಿಗ್ಗೆ ವಿಷಯ ತಿಳಿದವನು ಸಂಜೆ ಒಂದೇ ಪ್ರಶ್ನೆ ಕೇಳಿದ.

"ಅಲ್ಲಿ ರೊಟ್ಟಿ ಸಿಗತೈತೇನ?"

ಸಿಗದಿದ್ದರೆ ಇರಲಿ ಎಂದು ಪಂಪಾವತಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು. ಆಫ್ರಿಕಾ ಅಂದರೆ ಬಳ್ಳಾರಿಗಿಂತ ಬಿಸಿಲು ಇರಬೇಕೆಂದು ಇಬ್ಬರೂ ತೆಳ್ಳನೆಯ ಬಟ್ಟೆ ತುಂಬಿಕೊಂಡರು. ಜುಲೈ ತಿಂಗಳು. ವಿಮಾನ ಇಳಿದರೆ ಊರಿಗೆ ಊರೇ ಸ್ವೆಟರ್ ಹಾಕಿಕೊಂಡು ಓಡಾಡುತ್ತಿತ್ತು. ಗಾದಿಲಿಂಗನ ಹಲ್ಲು ಕಟಕಟ ಎನ್ನತೊಡಗಿದವು. ಮೊದಲ ದಿನ ನೋಡಿದ್ದು ಸಿಂಹವನ್ನಲ್ಲ, ಸ್ವೆಟರ್ ಅಂಗಡಿಯನ್ನು.

ಸಿಂಹ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಊರಿಗೆ ಅಂಟಿಕೊಂಡೇ ಇರುವ ರಾಷ್ಟ್ರೀಯ ಉದ್ಯಾನದಲ್ಲಿ. ವ್ಯಾನಿನಿಂದ ಕಲ್ಲೆಸೆತದ ದೂರದಲ್ಲಿ ಎರಡು ಹೆಣ್ಣು ಸಿಂಹ ಆಕಳಿಸುತ್ತ ಬಿದ್ದಿದ್ದವು, ಹಿಂದೆ ಚಿತ್ರದಲ್ಲಿದ್ದಂತೆಯೇ ಕಟ್ಟಡಗಳು. ಪಂಪಾವತಿ ಕಣ್ತುಂಬ ನೋಡಿದಳು. ಮಧ್ಯಾಹ್ನ ಟೂರಿನಲ್ಲಿ ಜೊತೆಗೆ ಬಂದವರೆಲ್ಲ ಮಣಿಸರ, ಮರದ ಆನೆ ಕೊಳ್ಳಲು ಹೊರಟಾಗ ಅವಳು ಹೋಗಲಿಲ್ಲ. ಬೆಳಗಿನಿಂದ ಅವಳ ಕಣ್ಣು ರಸ್ತೆಯ ಮೇಲೇ ಇತ್ತು. ಮೈತುಂಬ ಬಣ್ಣದ ಚಿತ್ರ ಬರೆಸಿಕೊಂಡು, ಕಿಟಕಿ ಅದುರುವಂತೆ ಹಾಡು ಹಾಕಿಕೊಂಡು ಓಡಾಡುವ ಬಸ್ಸುಗಳು. ಅಲ್ಲಿ ಅದಕ್ಕೆ ಮತಾತು ಅನ್ನುತ್ತಾರೆ.

"ಬಸ್ ಹತ್ತದಿದ್ರ ಊರು ನೋಡಿದಂಗ ಆಗಂಗಿಲ್ರಿ," ಎಂದು ಗಂಡನಿಗೆ ಹೇಳಿದಳು.

ಗೈಡ್ ವಂಜೀಕು ಎಂಬ ಹುಡುಗಿ. ಮತಾತು ಹತ್ತಿಸೆಂದು ಪ್ರವಾಸಿಗರು ಯಾರೂ ಅವಳನ್ನು ಕೇಳಿರಲಿಲ್ಲವಂತೆ. ತಾನೂ ಬರುತ್ತೇನೆ ಎಂದು ಇಬ್ಬರನ್ನೂ ರೊಂಗಾಯಿ ಎಂಬ ಊರಿನ ಕಡೆಯ ಮತಾತು ಹತ್ತಿಸಿದಳು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಹೆಂಗಸೇ. ಅಚಿಯೆಂಗ್ ಅಂತ ಹೆಸರು, ಮೂವತ್ತರ ಆಸುಪಾಸು. ಈ ಅಮ್ಮ ಇಂಡಿಯಾದಲ್ಲಿ ನಿನ್ನದೇ ಕೆಲಸ ಮಾಡಿದವಳು ಎಂದು ವಂಜೀಕು ಹೇಳಿದಾಗ ಅಚಿಯೆಂಗ್ ಪಂಪಾವತಿಯ ಕೈ ಕುಲುಕಿ 'ಮಾಮಾ' ಎಂದಳು. ಅಲ್ಲಿ ಹಾಗೆಂದರೆ ಅಮ್ಮ. ಹೆಂಡತಿ ಮಾವನಾದಳೆಂದು ಗಾದಿಲಿಂಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಒಂದು ಸ್ಟಾಪಿನಲ್ಲಿ ಎರಡು ಚೀಲ ಎಲೆಕೋಸು ಹೊತ್ತ ಹೆಂಗಸು ಹತ್ತಿದಳು. ಅಂಚಿನ ಸೀಟಿನವನು ಕಿಟಕಿ ಪಕ್ಕದ ಜಾಗ ಖಾಲಿ ಇದ್ದರೂ ಕದಲಲಿಲ್ಲ. ಪಂಪಾವತಿಗೆ ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಎದ್ದು ನಿಂತಳು.

"ಏ ಯಣ್ಣಾ, ಒಳಗ ಸರೀಯಪ, ಅಕ್ಕಾರು ಕುಂದ್ರಲಿ."

ಕನ್ನಡ ಅವನಿಗೆ ತಿಳಿಯಲಿಲ್ಲ, ದನಿ ತಿಳಿಯಿತು. ಗಪ್ಪನೆ ಸರಿದ. ಬಸ್ಸಿನವರೆಲ್ಲ ನಕ್ಕರು, ಸರಿದವನೂ ನಕ್ಕ. ಅಚಿಯೆಂಗ್ ಅವಳನ್ನು ಬಾಗಿಲ ಬಳಿ ಕರೆದು, ಹೊರಡಲು ಹೀಗೆ ತಟ್ಟಬೇಕು ಎಂದು ಬಸ್ಸಿನ ತಗಡು ತೋರಿಸಿದಳು. ಪಂಪಾವತಿ ಅಂಗೈ ಚುರುಗುಟ್ಟುವಂತೆ ಎರಡು ಸಲ ಬಡಿದು "ರೈಟ್" ಎಂದಳು. ಗಾಡಿ ಹೊರಟಿತು.

ಕೊನೆಯ ಸ್ಟಾಪಿನಲ್ಲಿ ನಾಲ್ವರೂ ಚಹಾಕ್ಕೆ ಕೂತರು. ಅಲ್ಲಿಯೂ ಅದು ಚಾಯ್. ಚಪಾತಿಗೆ ಚಪಾತಿ, ಗಾಡಿಗೆ ಗಾರಿ, ದುಕಾನಿಗೆ ದುಕಾ, ಹೇಗಿದ್ದೀರಿ ಎನ್ನಲು ಹಬಾರಿ.

"ಖಬರ್ ಅನ್ನೋದ ಹಬಾರಿ ಆಗೈತಿ. ಇವ್ರು ನಮ್ಮ ಕೌಲ್ ಬಜಾರ್ ಮಂದಿ ಇದ್ದಂಗ ಅದಾರ," ಎಂದು ಉರ್ದು ಮಾತಾಡುವ ಬಳ್ಳಾರಿಯ ಆ ಬಡಾವಣೆಯನ್ನು ನೆನೆದು ಗಾದಿಲಿಂಗ ಬೆರಗಾದ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಂಡಸರು ಬಾಯಿಗೆ ಬಂದಂತೆ ಆಡುತ್ತಿದ್ದರೆಂದು ಅಚಿಯೆಂಗ್ ಹೇಳಿದಳು. ವಂಜೀಕು ಅದನ್ನು ತನ್ನ ಹರಕುಮುರುಕು ಹಿಂದಿಯಲ್ಲಿ ದಾಟಿಸಿದಳು. ಪಂಪಾವತಿಗೂ ತನ್ನ ಮೊದಲ ದಿನ ನೆನಪಾಯಿತು. ಸಿರಿಗೇರಿಯಲ್ಲಿ ಹತ್ತಿದ ಒಬ್ಬ, ಹೆಂಗಸಿನ ಕೈಯಿಂದ ಟಿಕೆಟ್ ತಗೊಳ್ಳುವುದಿಲ್ಲ ಎಂದು ಕೂತುಬಿಟ್ಟಿದ್ದ. ತಗೊಳ್ಳುವವರೆಗೆ ಅವಳು ರೈಟ್ ಹೇಳಲಿಲ್ಲ. ಕಡೆಗೆ ಉಳಿದವರೇ ಅವನ ಬಾಯಿ ಮುಚ್ಚಿಸಿದರು.

"ಈಗ ಯಾರರ ಅಂದ್ರ ನೀ ಏನ್ ಮಾಡ್ತಿ, ಮಗಳ?" ಎಂದು ಕೇಳಿದಳು.

ಅಚಿಯೆಂಗಳ ಉತ್ತರ ಚುಟುಕಾಗಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿಸುತ್ತೇನೆ ಎಂದಳು. ಪಂಪಾವತಿ ಅವಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು. ಹಾಗೆ ಮಾಡಿದ್ದೇಕೆ ಎಂದು ವಂಜೀಕು ಕೇಳಿದಾಗ ಗಾದಿಲಿಂಗನೇ ಮುಂದೆ ಬಂದು ವಿವರಿಸಿದ. ಅಷ್ಟು ಮಾತು ಅವನ ಬಾಯಿಂದ ಒಂದೇ ಸಲಕ್ಕೆ ಬಂದದ್ದನ್ನು ಹೆಂಡತಿ ಅವತ್ತೇ ಕೇಳಿದ್ದು.

ಊರಿಗೆ ಬಂದ ಮೇಲೆ ನೆರೆಯ ಹುಲುಗಮ್ಮ ಸಿಂಹದ ಸುದ್ದಿ ಕೇಳಲು ಬಂದಳು. ಪಂಪಾವತಿ ಸಿಂಹವನ್ನು ಎರಡು ಮಾತಿನಲ್ಲಿ ಮುಗಿಸಿ, ಅಚಿಯೆಂಗ್ ಕಳಿಸಿದ ವಾಯ್ಸ್ ಮೆಸೇಜನ್ನು ಫೋನಿನಲ್ಲಿ ಕೇಳಿಸಿದಳು. ಹಿಂದೆ ಬಸ್ಸಿನ ಗದ್ದಲ, ಹಾಡು, ಅದರ ನಡುವೆ "ಹಬಾರಿ, ಮಾಮಾ?" ಎಂಬ ಕೂಗು. ಯಾರದು ಎಂದು ಹುಲುಗಮ್ಮ ಕೇಳಿದಳು. ನಮ್ಮ ಡಿಪೋದವಳೇ ಎಂದು ಹೇಳಿ ಪಂಪಾವತಿ ಚಹಾಕ್ಕೆ ನೀರಿಡಲು ಎದ್ದಳು.