ಹದಿನಾಲ್ಕು ಅಡಿಯ ಇಳಿಜಾರು

ಒಟ್ಟು ಎರಡು ಲಕ್ಷ ಅರವತ್ತು ಸಾವಿರದ ಐನೂರು ರೂಪಾಯಿ ಆಯಿತು. ಕಾರಿನ ಗೇರ್‌ಬಾಕ್ಸಿಗೆ ಎರಡು ಸಲ ಕ್ಲಚ್ ಹಾಕಿಸಿದ್ದು, ಆಮೇಲೆ ಮನೆಯ ಒಂದು ಗೋಡೆ ಒಡೆಸಿದ್ದು, ಎಲ್ಲ ಸೇರಿ. ಇದರಲ್ಲಿ ಎಪ್ಪತ್ತು ಸಾವಿರವಾದರೂ ಉಳಿಯುತ್ತಿತ್ತು, ಮೊದಲ ಸಲವೇ ಸ್ಕ್ಯಾನ್ ಮಾಡಿ ನೋಡಲು ಗ್ಯಾರೇಜಿನವರು ಕೇಳಿದ ಒಂದೂವರೆ ಸಾವಿರವನ್ನು ನಾನು ಚೌಕಾಸಿ ಮಾಡಿ ತೆಗೆಸಿಹಾಕದೆ ಇದ್ದಿದ್ದರೆ.

ಚೌಕಾಸಿಯೇ ನನ್ನ ಕಸುಬು ಅಂತ ಇಟ್ಟುಕೊಳ್ಳಿ. ಬನಶಂಕರಿಯಲ್ಲಿ ಪೈಪು, ನಲ್ಲಿ, ವಾಲ್ವು ಮಾರುವ ಅಂಗಡಿ. ಮೊಪೆಡ್ಡಿನ ಹಿಂದೆ ಪೈಪು ಕಟ್ಟಿಕೊಂಡು ಸೈಟಿಂದ ಸೈಟಿಗೆ ಅಲೆದೆ, ಆಮೇಲೆ ಗೂಡ್ಸ್ ಆಟೋ ಕೊಂಡು ಹನ್ನೊಂದು ವರ್ಷ ನಾನೇ ಓಡಿಸಿದೆ, ಆಮೇಲೆ ಅಂಗಡಿ, ಆಮೇಲೆ ಚಿಕ್ಕಲಸಂದ್ರದಲ್ಲಿ ಮೂವತ್ತು ನಲವತ್ತರ ಸೈಟು, ಮನೆ. ಹೇಳಿದ ರೇಟು ಕೊಟ್ಟು ಯಾವುದನ್ನೂ ಕೊಂಡವನಲ್ಲ. ಇದನ್ನು ಮೊದಲು ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳೋಕೂ ಸುಸ್ತು.

ಕಾರು ನನಗೆ ಅಂತ ಕೊಂಡಿದ್ದಲ್ಲ. ನನ್ನ ಹೆಂಡತಿ ಬಿಳೇಕಹಳ್ಳಿಯ ಒಂದು ಶಾಲೆಯಲ್ಲಿ ಗಣಿತದ ಟೀಚರು, ಇಪ್ಪತ್ತಾರು ವರ್ಷದಿಂದ. ಎಡಗಾಲ ಮಂಡಿಗೆ ಆಪರೇಷನ್ ಆದಮೇಲೆ ಎರಡು ಬಸ್ಸು ಬದಲಾಯಿಸಿ ಹೋಗುವುದು ಆಗದ ಮಾತಾಯಿತು. ಕೆಲಸ ಬಿಡು ಅಂದೆ. "ಆಪರೇಷನ್ ಆಗಿರೋದು ಮಂಡಿಗೆ ರೀ, ತಲೆಗಲ್ಲ," ಅಂದಳು. ಎಡಗಾಲಿಗೆ ಕೆಲಸವೇ ಇಲ್ಲದ ಕಾರು ಬೇಕಿತ್ತು. ಹುಡುಕಿ, ಎಳೆದಾಡಿ, ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಸಣ್ಣ ಎಸ್‌ಯುವಿ ತಂದೆ, ಆಟೋಮ್ಯಾಟಿಕ್. ಐವತ್ತೆರಡನೇ ವಯಸ್ಸಿಗೆ ಅವಳು ಡ್ರೈವಿಂಗ್ ಕಲಿತಳು. ಕಾರು ಓಡಿದರೆ ಅವಳ ಕೆಲಸ ಉಂಟು, ನಿಂತರೆ ಅವಳೂ ಮನೆಯಲ್ಲೇ. ಲೆಕ್ಕ ಅಷ್ಟು ಸರಳ ಇತ್ತು.

ಒಂದು ವರ್ಷ ಚೆನ್ನಾಗಿಯೇ ಓಡಿತು. ಆಮೇಲೆ ಹೊರಡುವಾಗ ಹಳೇ ಗ್ರೈಂಡರಿನ ಥರ ನಡುಗೋಕೆ ಶುರುವಾಯಿತು. ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಮುಂದೆ ದೀಪ ಹತ್ತೋದು. ಒಂದು ದಿನ ಜೆಪಿ ನಗರದ ಸಿಗ್ನಲ್ಲಿನಲ್ಲಿ ಗೇರೇ ಹಿಡಿಯದೆ ನಿಂತುಬಿಟ್ಟಿತು. ಹಿಂದೆ ಬಸ್ಸು, ಪಕ್ಕದಲ್ಲಿ ಸ್ಕೂಟರಿನವರ ಮಾತು. ಇಪ್ಪತ್ತು ನಿಮಿಷ ಅವಳು ಅಲ್ಲೇ ಸ್ಟೀರಿಂಗ್ ಹಿಡಿದು ಕೂತಿದ್ದಳಂತೆ. ಸಂಜೆ ನನಗೆ ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, ನೀನು ಏನು ಮಾಡಿದೆ ಅಂತ.

ಶೋರೂಮಿನವರು ಕ್ಲಚ್ ಸವೆದಿದೆ, ಇಡೀ ಗೇರ್‌ಬಾಕ್ಸೇ ಬದಲಾಯಿಸುವುದು ಒಳ್ಳೇದು ಅಂತ ಎರಡೂವರೆ ಲಕ್ಷದ ಎಸ್ಟಿಮೇಟು ಕೊಟ್ಟರು. ಅದನ್ನು ಮಡಿಚಿ ಜೇಬಿಗಿಟ್ಟುಕೊಂಡು ಬಿಟಿಎಂ ಹಿಂದಿನ ಗಲ್ಲಿಯ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿ ಗೇರ್‌ಬಾಕ್ಸ್ ಕೆಲಸ ಬಿಟ್ಟು ಬೇರೆ ಮಾಡಲ್ಲ. ಯಜಮಾನರು ಆ ಕಡೆಯ ಹಳೇ ಊರಿನವರು, ತಾತನ ಹೊಲ ಇದ್ದ ಜಾಗದಲ್ಲೇ ಶೆಡ್ಡು ಹಾಕಿಕೊಂಡವರು. ಬಾಡಿಗೆ ಕಟ್ಟುವ ತಲೆನೋವಿಲ್ಲ, ಹಾಗಾಗಿ ಗಿರಾಕಿ ಎದ್ದು ಹೋದರೂ ಆತುರವಿಲ್ಲ. ಇಂಥವರ ಹತ್ತಿರ ಚೌಕಾಸಿ ಕಷ್ಟ.

ಅವರು ನಿಧಾನಕ್ಕೆ ವಿವರಿಸಿದರು. ಈ ಜಾತಿಯ ಗೇರ್‌ಬಾಕ್ಸಿನಲ್ಲಿ ಕ್ಲಚ್ ಪೆಡಲ್ ಇಲ್ಲ ಅಷ್ಟೇ, ಒಳಗೆ ಎರಡು ಕ್ಲಚ್ ಇದ್ದೇ ಇದೆ. ನಮ್ಮ ಕಾಲಿನ ಕೆಲಸವನ್ನು ಕಂಪ್ಯೂಟರ್ ಮಾಡುತ್ತೆ. ಕ್ಲಚ್ ಸವೆದಿರುವುದು ನಿಜ, ಆದರೆ ಯಾಕೆ ಇಷ್ಟು ಬೇಗ ಸವೆಯಿತು ಅಂತ ಗೊತ್ತಾಗಬೇಕು. ಸ್ಕ್ಯಾನಿಗೆ ಒಂದೂವರೆ ಸಾವಿರ, ಎರಡು ದಿನ ಗಾಡಿ ಬಿಟ್ಟು ಹೋಗಿ ಅಂದರು.

ನನಗೆ ಅದು ಬಿಲ್ಲು ಬೆಳೆಸುವ ಮಾತಾಗಿ ಕೇಳಿಸಿತು. "ಕಾರಣ ನನಗೇ ಗೊತ್ತಲ್ಲ ಅಣ್ಣ," ಅಂದೆ. "ಮನೇಲಿ ಹೆಂಗಸರು ಓಡ್ಸೋದು. ಯಾವಾಗ್ಲೂ ಎರಡೂ ಪೆಡಲ್ ಮೇಲೆ ಕಾಲಿಟ್ಕೊಂಡಿರ್ತಾರೆ."

ಅವರು ನನ್ನ ಮುಖ ಒಮ್ಮೆ ನೋಡಿದರು. "ನೀವೇ ಡಾಕ್ಟ್ರಾದ್ಮೇಲೆ ನಾನೇನ್ ಹೇಳ್ಲಿ ಸಾರ್. ಕ್ಲಚ್ ಹಾಕ್ಕೊಡ್ತೀನಿ."

ಎಂಬತ್ತಾರು ಹೇಳಿದ್ದನ್ನು ಎಪ್ಪತ್ನಾಲ್ಕಕ್ಕೆ ಇಳಿಸಿದೆ. ಸ್ಕ್ಯಾನು, ಕಾರಣ ಹುಡುಕುವುದು, ಎಲ್ಲ ಕಟ್. ಗೆದ್ದು ಬಂದವನ ಥರ ಮನೆಗೆ ಬಂದೆ.

ಕಾರು ಬೆಣ್ಣೆಯ ಹಾಗೆ ಓಡಿತು. ಒಂದು ವಾರ ಅವಳ ಪಕ್ಕದಲ್ಲಿ ಕೂತು ಕಾಲು ಎಲ್ಲಿಡಬೇಕು, ಯಾವಾಗ ತೆಗೀಬೇಕು ಅಂತ ಪಾಠ ಮಾಡಿದೆ. ಅವಳು ನಾನು ಹೇಳಿದ ಹಾಗೇ ಓಡಿಸಿದಳು. ಹತ್ತನೇ ತಿಂಗಳಿಗೆ ಮತ್ತೆ ಅದೇ ನಡುಕ, ಅದೇ ದೀಪ. ನಾನು ಕೂಗಾಡಿದೆ. ಎಪ್ಪತ್ನಾಲ್ಕು ಸಾವಿರ ಅಂತ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಆಮೇಲೆ ಅವಳು ದೀಪ ಹತ್ತಿದರೆ ಹೇಳುವುದನ್ನೇ ಬಿಟ್ಟಳು. ಕೆಲವು ದಿನ ಬೆಳಿಗ್ಗೆ ಆರೂವರೆಗೇ ಎದ್ದು ಆಟೋದಲ್ಲಿ ಹೋಗೋಳು.

ಇನ್ಶೂರೆನ್ಸ್ ರಿನ್ಯೂ ಮಾಡಿಸಲು ಕಾಗದ ಬೇಕು ಅಂತ ಒಂದು ಭಾನುವಾರ ಕಾರಿನ ಮುಂದಿನ ಡಬ್ಬಿ ತೆಗೆದೆ. ಆರ್‌ಸಿ ಕೆಳಗೆ ಒಂದು ಹಾಳೆ ಇತ್ತು. ಹೆಡ್‌ಮಿಸ್ಸಿಗೆ ಬರೆದ ರಾಜೀನಾಮೆ. ಬೋರ್ಡಿನ ಮೇಲೆ ಬರೆಯುವಂಥ ಅವಳ ದುಂಡು ಅಕ್ಷರ. ತಾರೀಕು ಹಾಕಿರಲಿಲ್ಲ. ಕೊನೆಯ ಸಾಲು, "ನನಗೆ ಕಾರು ಓಡಿಸಲು ಸರಿಯಾಗಿ ಬಾರದ ಕಾರಣ ದಿನವೂ ಶಾಲೆಗೆ ಬರುವುದು ಕಷ್ಟವಾಗಿದೆ."

ಬೇಸಿಗೆ ರಜೆ ಮುಗಿಯೋಕೆ ಮೂರು ವಾರ ಇತ್ತು. ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಿಚಿ ಇಟ್ಟೆ. ಮೇಲೆ ಆರ್‌ಸಿ ಇಟ್ಟು ಡಬ್ಬಿ ಮುಚ್ಚಿದೆ.

ಮಾರನೇ ದಿನ ಗ್ಯಾರೇಜಿಗೆ ಹೋಗಿ, ಎಷ್ಟಾದರೂ ಆಗಲಿ, ಏನು ಅಂತ ನೋಡಿ ಅಂದೆ. ಯಜಮಾನರು ಚಹಾದ ಲೋಟ ಕೆಳಗಿಟ್ಟು, "ಯಾಕ್ ಸಾರ್, ಮೈ ಹುಷಾರಿಲ್ವಾ?" ಅಂದರು.

ಸ್ಕ್ಯಾನರ್ ಸಿಕ್ಕಿಸಿ ಅರ್ಧ ಗಂಟೆ ನೋಡಿದರು. ಗೇರ್‌ಬಾಕ್ಸ್ ಮಿತಿ ಮೀರಿ ಬಿಸಿಯಾದ ಗಳಿಗೆಯಲ್ಲಿ ಕಾರು ಯಾವ ಸ್ಥಿತಿಯಲ್ಲಿತ್ತು ಅಂತ ಕಂಪ್ಯೂಟರ್ ಫೋಟೋ ತೆಗೆದ ಹಾಗೆ ಉಳಿಸಿಕೊಂಡಿರುತ್ತಂತೆ. ಪರದೆಯನ್ನು ನನ್ನ ಕಡೆ ತಿರುಗಿಸಿದರು. ಒಂದು ಫೋಟೋದಲ್ಲಿ ಸ್ಪೀಡು ಒಂದು, ಇನ್ನೊಂದರಲ್ಲಿ ಸೊನ್ನೆ. ಇಂಜಿನ್ ಇನ್ನೂ ತಣ್ಣಗೆ. ಸ್ಟಾರ್ಟ್ ಮಾಡಿ ಮೂರು ನಿಮಿಷವೂ ಆಗಿಲ್ಲ.

"ಟ್ರಾಫಿಕ್ಕಲ್ಲಿ ಬಿಸಿಯಾಗಿದ್ರೆ ಅಷ್ಟೊತ್ತಿಗೆ ಇಂಜಿನ್ನೂ ಬಿಸಿ ಇರ್ಬೇಕು ಸಾರ್. ಇದು ಬೀದಿಗೆ ಬರೋಕ್ ಮುಂಚೆನೇ ಸುಟ್ಟಿದೆ. ಗಾಡಿ ಎಲ್ ನಿಲ್ಲಿಸ್ತೀರ?"

ಮನೆಯಲ್ಲೇ ಅಂದೆ. ಹಾಗಾದರೆ ಮನೆ ನೋಡಬೇಕು ಅಂದರು.

ನಮ್ಮ ಮನೆಯಲ್ಲಿ ಕಾರು ನಿಲ್ಲುವುದು ಅರ್ಧ ನೆಲದೊಳಗೆ. ಗೇಟಿನಿಂದ ಕೆಳಕ್ಕೆ ಇಳಿಜಾರು. ಕಟ್ಟುವಾಗ ಮೇಸ್ತ್ರಿ ಇದಕ್ಕೆ ಇಪ್ಪತ್ತೆರಡು ಅಡಿ ಉದ್ದ ಬೇಕೇ ಬೇಕು ಅಂದಿದ್ದರು. ನಾನು ಹದಿನಾಲ್ಕಕ್ಕೇ ಕಡಿದಾಗಿ ಮುಗಿಸಿ, ಉಳಿದ ಎಂಟು ಅಡಿಗೆ ಗೋಡೆ ಎಬ್ಬಿಸಿ, ಬೀದಿ ಕಡೆಯ ಕಾಂಡಿಮೆಂಟ್ಸ್ ಅಂಗಡಿಗೆ ಗೋಡೌನ್ ಅಂತ ಕೊಟ್ಟೆ. ತಿಂಗಳಿಗೆ ಆರು ಸಾವಿರ ಜಾಸ್ತಿ. ಅಷ್ಟು ಜಾಣತನದ ಕೆಲಸ ನಮ್ಮ ಬೀದಿಯಲ್ಲಿ ಯಾರೂ ಮಾಡಿಲ್ಲ ಅಂದುಕೊಂಡಿದ್ದೆ.

ಮಾರನೇ ಬೆಳಿಗ್ಗೆ ಎಂಟಕ್ಕೆ ಯಜಮಾನರು ಬಂದು ಸ್ಕ್ಯಾನರ್ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. ದಿನಾ ಹೇಗೆ ತೆಗೀತೀರೋ ಹಾಗೇ ತೆಗೀರಿ ಮೇಡಂ ಅಂದರು. ನಾನು ಗೇಟಿನ ಹತ್ತಿರ ನಿಂತೆ. ಕಾರು ಮೂತಿ ಮೇಲೆತ್ತಿಕೊಂಡು ಅರ್ಧ ಏರಿ ನಿಂತಿತು. ಗೇಟಿಗೆ ಅಡ್ಡಲಾಗಿ ಅಂಗಡಿಗೆ ಬಂದವರ ಎರಡು ಸ್ಕೂಟರು. ಅವರು ಟೀ ಮುಗಿಸಿ ತೆಗೆಯುವ ತನಕ ಅವಳು ಕಾಯಬೇಕು. ತೆಗೆದ ಮೇಲೂ ಬಾನೆಟ್ಟು ಅಡ್ಡ ಇರುವುದರಿಂದ ಬೀದಿ ಕಾಣಿಸಲ್ಲ, ಒಂದೊಂದೇ ಇಂಚು ಏರಬೇಕು. ಅಷ್ಟು ಹೊತ್ತೂ ಇಂಜಿನ್ ಸಣ್ಣಗೆ ನರಳುತ್ತಿತ್ತು. ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಕಾರನ್ನು ಏರಿನಲ್ಲಿ ಹಿಡಿದು ನಿಲ್ಲಿಸಿದ್ದಳು. ಎಷ್ಟು ನೀಟಾಗಿ ಅಂದರೆ, ಒಂದು ಇಂಚೂ ಹಿಂದೆ ಜಾರಲಿಲ್ಲ.

ಯಜಮಾನರು ಕಿಟಕಿಯಿಂದ ನನಗೆ ಪರದೆ ತೋರಿಸಿದರು. ಕ್ಲಚ್ಚಿನ ಬಿಸಿಯ ಅಂಕಿ ಏರುತ್ತಲೇ ಇತ್ತು. ಅರ್ಧ ಹಿಡಿದು ಉಜ್ಜಿ ಉಜ್ಜಿ ಇಲ್ಲಿ ಕಾದ ಕ್ಲಚ್ಚೇ ಸಿಗ್ನಲ್ಲಿಗೆ ಹೋಗಿ ಕೈ ಕೊಡುವುದು ಅಂದರು. ಆಮೇಲೆ ಅವಳನ್ನು ಕೇಳಿದರು, "ಮೇಡಂ, ಏರಲ್ಲಿ ಹಿಂಗ್ ಹಿಡ್ಕೋಬೇಕು ಅಂತ ಯಾರ್ ಹೇಳ್ಕೊಟ್ಟಿದ್ದು?"

"ಮನೆಯವರು," ಅಂದಳು.

ಹೌದು. ಡ್ರೈವಿಂಗ್ ಸ್ಕೂಲಿನವರು ಬ್ರೇಕ್ ಹಿಡಿದೇ ನಿಲ್ಲಿ ಅಂದಿದ್ದರು. ಬ್ರೇಕ್ ಬಿಟ್ಟ ಕೂಡಲೇ ಕಾರು ಹಿಂದಕ್ಕೆ ಜಾರಿ ಗೋಡೌನಿನ ಗೋಡೆಗೆ ಹೊಡೆಯುತ್ತೆ ಅಂತ ಅವಳಿಗೆ ಭಯವಿತ್ತು. ಅದಕ್ಕೆ ನಾನೇ ಗೂಡ್ಸ್ ಆಟೋ ಕಾಲದ ನನ್ನ ಅರ್ಧ ಕ್ಲಚ್ ವಿದ್ಯೆಯನ್ನು, ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಗಾಡಿ ಹಿಡಿಯುವುದನ್ನು, ಧಾರೆ ಎರೆದಿದ್ದೆ. ಅವಳು ಹೇಳಿಕೊಟ್ಟಿದ್ದನ್ನು ತಪ್ಪದೆ ಕಲಿಯುವವಳು.

ಯಜಮಾನರು ಕಾರಿನಿಂದ ಇಳಿದರು. ಟೇಪು ಹಿಡಿದು ಇಳಿಜಾರು ಅಳೆದರು, ಗೋಡೆ ತಟ್ಟಿ ನೋಡಿದರು, ಹೊಸ ಕ್ಲಚ್ಚಿಗೆ ಎಪ್ಪತ್ತು ಸಾವಿರ ಅಂದರು. ಕಾರಣ ಕೈಗೆ ಸಿಕ್ಕಿರುವುದರಿಂದ ನಾಲ್ಕು ಸಾವಿರ ಅವರೇ ಕಮ್ಮಿ ಮಾಡಿದ್ದರು. ಕೇಳದೆಯೇ ಸಿಕ್ಕ ರಿಯಾಯಿತಿ ನನ್ನ ಜೀವನದಲ್ಲಿ ಅದೊಂದೇ.

ಗೋಡೌನ್ ಗೋಡೆ ಒಡೆಸಿ ಇಳಿಜಾರನ್ನು ಇಪ್ಪತ್ತೆರಡು ಅಡಿಗೆ ಎಳೆಸಿದೆ. ಲಕ್ಷದ ಹದಿನೈದು ಸಾವಿರ. ಅಂಗಡಿಯವರು ಮರುದಿನವೇ ಬಾಡಿಗೆ ಇಳಿಸಿ ಅಂತ ಬಂದರು, ಇಳಿಸಿದೆ. ವಾದ ಮಾಡುವ ಚೈತನ್ಯ ಇರಲಿಲ್ಲ. ಶಾಲೆ ಶುರುವಾದ ದಿನ ಸ್ಕೂಟರು ತೆಗೆಸೋಕೆ ನಾನೇ ಗೇಟಿನ ಹತ್ತಿರ ನಿಂತಿದ್ದೆ. ಅವಳು ಬ್ರೇಕ್ ಹಿಡಿದು ನಿಂತು, ಬೀದಿ ಖಾಲಿಯಾದ ಮೇಲೆ ಒಂದೇ ಸಲಕ್ಕೆ ಏರಿ ಬಂದು, ಕಿಟಕಿ ಇಳಿಸಿದಳು.

ಆ ಕಾಗದ ಹೆಡ್‌ಮಿಸ್ಸಿಗೆ ಕೊಡ್ತೀಯಾ ಅಂತ ಕೇಳಿಬಿಟ್ಟೆ.

"ನೋಡಿದೀರ ಅಂತ ಗೊತ್ತಿತ್ತು, ಆರ್‌ಸಿ ತಲೆಕೆಳಗಾಗಿ ಇಟ್ಟಿದ್ರಿ," ಅಂದಳು. "ಹರಿದು ಹಾಕ್ದೆ. ಅದರ ಕೊನೇ ಸಾಲು ನಿಮ್ದು ರೀ, ನಂದಲ್ಲ." ಗಾಜು ಏರಿಸಿಕೊಂಡು ಹೋದಳು.

ನೀವು ಆಟೋಮ್ಯಾಟಿಕ್ ಇಟ್ಟುಕೊಂಡಿದ್ದರೆ ಕೇಳಿ. ಏರಿನಲ್ಲಿ ಬ್ರೇಕ್ ಹಿಡಿದು ನಿಲ್ಲಿ, ದಾರಿ ಖಾಲಿಯಾದ ಮೇಲೆ ಒಂದೇ ಸಲ ಹೊರಡಿ, ಆಕ್ಸಿಲರೇಟರಿನಲ್ಲಿ ಹಿಡಿಯಬೇಡಿ. ಬಿಸಿ ದೀಪ ಹತ್ತಿದರೆ ಪಕ್ಕಕ್ಕೆ ಹಾಕಿ, ತಣಿಯುವ ತನಕ ಕಾಯಿರಿ. ಪಾರ್ಟ್ಸಿನ ಮೇಲೆ, ಕೂಲಿಯ ಮೇಲೆ ಚೌಕಾಸಿ ಮಾಡಿ, ತಪ್ಪೇನಿಲ್ಲ, ಹಳೇ ಕ್ಲಚ್ಚನ್ನು ಕೇಳಿ ಕಣ್ಣಾರೆ ನೋಡಿ. ಸ್ಕ್ಯಾನಿನ ದುಡ್ಡನ್ನು ಮಾತ್ರ ಮುಟ್ಟಬೇಡಿ, ಅದರ ಪ್ರಿಂಟು ತೆಗೆಸಿಕೊಂಡು ಮನೆಯಲ್ಲಿಡಿ. ಮನೆ ಕಟ್ಟಿಸುತ್ತಿದ್ದರೆ ಮೇಸ್ತ್ರಿ ಇಳಿಜಾರಿಗೆ ಹೇಳಿದ ಅಡಿಯನ್ನು ಕೊಟ್ಟುಬಿಡಿ. ಮತ್ತೆ, ಮೆಕ್ಯಾನಿಕ್ ಕಾರಣ ಕೇಳಿದಾಗ ಓಡಿಸುವವರನ್ನೇ ಮಾತಾಡಲು ಬಿಟ್ಟು ನೀವು ಎರಡು ನಿಮಿಷ ಶೆಡ್ಡಿನ ಹೊರಗೆ ನಿಂತಿರಿ.